ಸೊಪ್ಪು, ಮಾತ್ರೆ, ಎಣ್ಣೆ: ಮೂರೂ ಒಂದೇ ಅಲ್ಲ

ಇಂಟರ್ನಲ್ಸ್ ಹತ್ತಿರ ಬಂತು ಅನ್ನುವುದು ನಮ್ಮ ಹಾಸ್ಟೆಲ್‌ನಲ್ಲಿ ಕಿಟಕಿ ಕಟ್ಟೆಯ ಮೇಲಿನ ಡಬ್ಬಿಗಳನ್ನು ನೋಡಿದರೇ ಗೊತ್ತಾಗುತ್ತದೆ. ನೆನಪಿನ ಶಕ್ತಿಗೆ ಬ್ರಾಹ್ಮಿ ಕ್ಯಾಪ್ಸೂಲ್, ಟೆನ್ಷನ್‌ಗೆ ಅಶ್ವಗಂಧ, ನಿದ್ದೆಗೆ ಲ್ಯಾವೆಂಡರ್ ಎಣ್ಣೆಯ ಪುಟ್ಟ ಬಾಟಲಿ, ಉದುರುವ ಕೂದಲಿಗೆ ಬಯೋಟಿನ್ ಗಮ್ಮಿ. ಪ್ಲೇಸ್‌ಮೆಂಟ್ ಸೀಸನ್ ಶುರುವಾದರೆ ಮೊಡವೆಗೆ ಹಚ್ಚುವ ಟೀ ಟ್ರೀ ಎಣ್ಣೆಯೂ ಜೊತೆಗೆ ಬರುತ್ತದೆ. ಎಲ್ಲದರ ಮೇಲೂ ಒಂದು ಹಸಿರು ಎಲೆಯ ಚಿತ್ರ, ‘ನೂರಕ್ಕೆ ನೂರು ನ್ಯಾಚುರಲ್’ ಎಂಬ ಸಾಲು. ಮೆಸ್ ಬಿಲ್ ಕಟ್ಟಲು ತಿಂಗಳ ಕೊನೆಯಲ್ಲಿ ಒದ್ದಾಡುವವರೂ ಎಂಟುನೂರು ರೂಪಾಯಿಯ ಡಬ್ಬಿಯನ್ನು ಮಾತ್ರ ತಪ್ಪದೆ ತರಿಸಿಕೊಂಡಿರುತ್ತಾರೆ.

ನಾನು ಕೆಮಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ‘ಕೆಮಿಕಲ್’ ಎಂದರೇ ಜನ ಮೂಗು ಮುರಿಯುವ ಕಾಲದಲ್ಲಿ ಅದನ್ನೇ ಓದುತ್ತಿರುವುದರಿಂದಲೋ ಏನೋ, ಈ ಹಸಿರು ಎಲೆಯ ಬಗ್ಗೆ ನನಗೆ ಕುತೂಹಲ ಜಾಸ್ತಿ. ಹಾಗಂತ ಗಿಡಗಳ ಮೇಲೆ ಸಿಟ್ಟೇನೂ ಇಲ್ಲ. ಸಾಗರದ ಕಡೆ, ಅಡಿಕೆ ತೋಟದ ಬದಿಯಲ್ಲಿ, ಒಂದೆಲಗದ ತಂಬುಳಿ ಉಂಡು ಬೆಳೆದವಳು ನಾನು. ನನ್ನ ತಕರಾರು ಬೇರೆ. ತಟ್ಟೆಯಲ್ಲಿರುವ ಸೊಪ್ಪು, ಕ್ಯಾಪ್ಸೂಲಿನೊಳಗಿನ ಸಾರ, ಬಾಟಲಿಯಲ್ಲಿರುವ ಎಣ್ಣೆ ಮೂರನ್ನೂ ಒಂದೇ ಹೆಸರಿನಲ್ಲಿ ಕರೆದು, ಒಂದು ಸಂಪಾದಿಸಿದ ಒಳ್ಳೆಯ ಹೆಸರನ್ನು ಇನ್ನೊಂದಕ್ಕೆ ಅಂಟಿಸಿ ಮಾರುತ್ತಾರಲ್ಲ, ಅದರ ಬಗ್ಗೆ.

ಒಂದೆಲಗದಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಒಂದೆಲಗಕ್ಕೆ ಬ್ರಾಹ್ಮಿ ಅಂತಲೂ ಹೇಳುತ್ತಾರೆ. ನೆಲದ ಮೇಲೆ ಹಬ್ಬುವ, ದುಂಡಗಿನ ಎಲೆಯ, ಕೊತ್ತಂಬರಿಯ ಕುಟುಂಬಕ್ಕೆ ಸೇರಿದ ಗಿಡ ಅದು. ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ಆದರೆ ಕ್ಯಾಪ್ಸೂಲ್ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಓದಿದರೆ ಸಾಮಾನ್ಯವಾಗಿ ಕಾಣುವುದು ಬಾಕೋಪಾ ಮೊನ್ನಿಯೆರಿ. ಅದು ನೀರುಬ್ರಾಹ್ಮಿ, ಜೌಗು ಜಾಗದಲ್ಲಿ ಬೆಳೆಯುವ, ದಪ್ಪನೆಯ ಚಿಕ್ಕ ಎಲೆಯ, ಬಿಳಿ ಹೂವಿನ ಬೇರೆಯೇ ಗಿಡ. ‘ಅಜ್ಜಿ ಕೊಡ್ತಿದ್ದ ಬ್ರಾಹ್ಮಿನೇ ಇದು’ ಎಂದು ನನ್ನ ರೂಮ್‌ಮೇಟ್ ನುಂಗುತ್ತಿದ್ದದ್ದು ಅವಳ ಅಜ್ಜಿ ಮುಟ್ಟಿಯೂ ನೋಡಿರದ ಗಿಡವನ್ನು.

ನೀರುಬ್ರಾಹ್ಮಿ ಸುಳ್ಳು ಅಂತಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರಲ್ಲಿರುವ ಬಾಕೋಸೈಡ್ ಎಂಬ ವಸ್ತುಗಳ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಮನುಷ್ಯರ ಮೇಲೆ ನಡೆದ ಕೆಲವು ಪ್ರಯೋಗಗಳಲ್ಲಿ, ಕಲಿತದ್ದನ್ನು ನೆನಪಿಗೆ ತಂದುಕೊಳ್ಳುವ ವಿಷಯದಲ್ಲಿ ಸಣ್ಣ ಸುಧಾರಣೆ ಕಂಡಿದೆ. ಆದರೆ ಆ ಪ್ರಯೋಗಗಳು ಹೆಚ್ಚಾಗಿ ನಡೆದದ್ದು 12 ವಾರ, ದಿನವೂ, ಅಳತೆ ಗೊತ್ತಿರುವ ಸಾರ ಕೊಟ್ಟು. ಕೆಲವರಿಗೆ ಹೊಟ್ಟೆ ತೊಳಸುವುದು, ಭೇದಿ ಕೂಡ ಆಗಿದೆ. ಸೋಮವಾರದ ಇಂಟರ್ನಲ್ಸ್‌ಗೆ ಗುರುವಾರ ಡಬ್ಬಿ ಬಿಚ್ಚಿದರೆ ಆಗುವ ಲಾಭ ಕೊರಿಯರ್ ಕಂಪನಿಗೆ ಅಷ್ಟೇ.

ಇನ್ನು ಎಣ್ಣೆಯ ವಿಷಯ. ನಮ್ಮ ಮಾಸ್ ಟ್ರಾನ್ಸ್‌ಫರ್ ಲ್ಯಾಬ್‌ನಲ್ಲಿ ಸ್ಟೀಮ್ ಡಿಸ್ಟಿಲೇಷನ್ ಎಂಬ ಪ್ರಯೋಗ ಇದೆ. ಸಾಮಾನ್ಯವಾಗಿ ಟರ್ಪೆಂಟೈನ್ ಹಾಕಿ ಮಾಡಿಸುವ ಅದನ್ನು ನಮ್ಮ ಮೇಡಂ ಒಂದು ದಿನ ಮಜ್ಜಿಗೆ ಹುಲ್ಲು ಹಾಕಿ ಮಾಡಿಸಿದರು. ಮಜ್ಜಿಗೆ ಹುಲ್ಲು ಅಂದರೆ ಟೀಗೆ ಹಾಕುತ್ತಾರಲ್ಲ, ನಿಂಬೆಯ ವಾಸನೆಯ ಹುಲ್ಲು. ಅದರ ಪರಿಮಳಕ್ಕೆ ಕಾರಣವಾದ ಸಿಟ್ರಾಲ್ ತಾನಾಗಿ ಕುದಿಯಬೇಕೆಂದರೆ 200 ಡಿಗ್ರಿ ದಾಟಬೇಕು. ಆದರೆ ನೀರಿನ ಹಬೆಯ ಜೊತೆ ಸೇರಿದಾಗ ಇಬ್ಬರ ಆವಿಯ ಒತ್ತಡವೂ ಕೂಡಿಕೊಂಡು, 100 ಡಿಗ್ರಿಗೂ ಸ್ವಲ್ಪ ಕೆಳಗೇ ಎರಡೂ ಒಟ್ಟಿಗೆ ಮೇಲೇಳುತ್ತವೆ. ಆ ಹಬೆಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಒಂದು ಕಿಲೋ ಹುಲ್ಲು ತುಂಬಿ, ಎರಡು ಗಂಟೆ ಕಾದು, ಕೊನೆಗೆ ನಮಗೆ ಸಿಕ್ಕಿದ್ದು ಮೂರು ಮಿಲಿಲೀಟರ್‌ಗಿಂತ ಕಡಿಮೆ. ಇಡೀ ಬ್ಯಾಚ್ ಬಗ್ಗಿ ಬಗ್ಗಿ ನೋಡಿದೆವು. ಲ್ಯಾಬ್ ಮಾತ್ರ ಎರಡು ದಿನ ಘಮಘಮ.

ಅವತ್ತು ನನಗೆ ಹೊಳೆದದ್ದು ಬಾಟಲಿಗಿಂತ ಹೆಚ್ಚಾಗಿ ಪಾತ್ರೆಯ ತಳವನ್ನು ನೋಡಿದಾಗ. ಹುಲ್ಲಿನ ನಾರು, ಖನಿಜ, ಹಸಿರು ಬಣ್ಣ ಎಲ್ಲ ಅಲ್ಲೇ ಉಳಿದಿತ್ತು. ಹಬೆಯ ಜೊತೆ ಹಾರಬಲ್ಲ ಕೆಲವೇ ವಸ್ತುಗಳು ಮಾತ್ರ ಮೇಲೆ ಬಂದಿದ್ದವು, ಅದೂ ಮುನ್ನೂರು ಪಟ್ಟಿಗಿಂತ ಹೆಚ್ಚು ಗಟ್ಟಿಯಾಗಿ. ಹೀಗಿರುವಾಗ ‘ವಿಟಮಿನ್ ಸಿ ತುಂಬಿದ ನಿಂಬೆ ಎಣ್ಣೆ’ ಎಂದು ಯಾರಾದರೂ ಮಾರಿದರೆ ನಗು ಬರುತ್ತದೆ. ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು. ಅದು ನಿಂಬೆಯ ರಸದಲ್ಲಿದೆ, ಸಿಪ್ಪೆಯ ಎಣ್ಣೆಯಲ್ಲಲ್ಲ. ಇಂಗ್ಲಿಷಿನ ‘ಎಸೆನ್ಷಿಯಲ್ ಆಯಿಲ್’ ಎಂಬ ಹೆಸರೂ ಮೋಸ ಮಾಡುತ್ತದೆ. ಅಲ್ಲಿ ಎಸೆನ್ಷಿಯಲ್ ಅಂದರೆ ಎಸೆನ್ಸ್, ಅಂದರೆ ಗಂಧದ ಸಾರ ಎಂದರ್ಥ. ಆನ್‌ಲೈನ್ ಅಂಗಡಿಗಳ ಕನ್ನಡದಲ್ಲಿ ಅದು ‘ಅಗತ್ಯ ತೈಲ’ ಆಗಿಬಿಟ್ಟಿದೆ. ಯಾರಿಗೆ ಅಗತ್ಯ?

ಎಣ್ಣೆಗಳಿಂದ ಉಪಯೋಗವೇ ಇಲ್ಲ ಎಂದುಕೊಳ್ಳಬೇಡಿ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಅನ್ನು ದಂತವೈದ್ಯರು ಇವತ್ತಿಗೂ ಬಳಸುತ್ತಾರೆ. ಕರುಳಿನ ಕಿರಿಕಿರಿ ಇರುವವರಿಗೆ ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಕೊಡುವುದುಂಟು. ಆದರೆ ಕೆಲಸ ಮಾಡುವ ವಸ್ತು ಅಳತೆ ಮೀರಿದರೆ ಕೆಟ್ಟ ಕೆಲಸವನ್ನೂ ಮಾಡುತ್ತದೆ. ನೆಗಡಿ ಬಂದಾಗ ಬಿಸಿನೀರಿಗೆ ಹಾಕುವ ನೀಲಗಿರಿ ಎಣ್ಣೆಯನ್ನೇ ನೋಡಿ. ಮಗು ಅದನ್ನು ಒಂದು ಚಮಚ ಕುಡಿದರೂ ಫಿಟ್ಸ್ ಬರಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಬೇರೆ ಆಸ್ಪತ್ರೆಗಳ ಜೊತೆ ಸೇರಿ, ದೊಡ್ಡವರಲ್ಲಿ ಕಂಡುಬಂದ ಫಿಟ್ಸ್‌ಗೂ ನೀಲಗಿರಿ ಎಣ್ಣೆ ಮತ್ತು ಕರ್ಪೂರ ಇರುವ ಬಾಮ್‌ಗಳ ಬಳಕೆಗೂ ಇರುವ ನಂಟನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ್ದಾರೆ. ಫಿಟ್ಸ್ ಇರುವವರ ಮನೆಯಲ್ಲಿ ಈ ವಿಷಯ ಗೊತ್ತಿರಲೇಬೇಕು. ಕೂಸಿನ ಮೂಗಿನ ಹತ್ತಿರ ಕರ್ಪೂರ, ಬಾಮ್ ಹಚ್ಚುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ!

ಎಣ್ಣೆಯ ಮಾತು ಬಂದಾಗ ನಮ್ಮ ಶ್ರೀಗಂಧವನ್ನು ಬಿಡುವ ಹಾಗಿಲ್ಲ. ಮೈಸೂರಿನ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಆ ಕಾಲಕ್ಕೆ ಗಂಧದೆಣ್ಣೆ ಸುಗಂಧಕ್ಕಷ್ಟೇ ಅಲ್ಲ, ಗೊನೋರಿಯಾ ಎಂಬ ಲೈಂಗಿಕ ರೋಗಕ್ಕೂ ಔಷಧ ಎಂದು ವೈದ್ಯರೇ ಕೊಡುತ್ತಿದ್ದರು. ಆ್ಯಂಟಿಬಯೋಟಿಕ್‌ಗಳು ಬಂದ ಮೇಲೆ ಆ ಬಳಕೆ ನಿಂತೇ ಹೋಯಿತು, ಪರಿಮಳ ಮಾತ್ರ ಉಳಿಯಿತು. ಗಂಧದ ಮರ್ಯಾದೆ ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಅರಿಶಿನದ್ದು ಇನ್ನೂ ಮಜವಾದ ಲೆಕ್ಕ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟದ್ದು, ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳ ಸಾಕ್ಷಿ ಹಿಡಿದು ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿದ್ದು ನಮಗೆಲ್ಲ ಗೊತ್ತಿರುವ ಕಥೆ. ಆ ಹೆಮ್ಮೆಯ ಜೊತೆಗೆ ಸ್ವಲ್ಪ ಗಣಿತವನ್ನೂ ಸೇರಿಸೋಣ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಮುಖ್ಯ ವಸ್ತು ಇರುವುದು ಸುಮಾರು ಶೇ 3ರಷ್ಟು. ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಷ್ಟ. 1998ರಲ್ಲಿ ಇದೇ ಸೇಂಟ್ ಜಾನ್ಸ್‌ನ ಔಷಧಶಾಸ್ತ್ರ ವಿಭಾಗದವರು ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಕಂಡದ್ದು ಇಲ್ಲ ಎನ್ನುವಷ್ಟು ಕಡಿಮೆ. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಹೀರಿಕೆ ಶೇ 2,000ರಷ್ಟು ಹೆಚ್ಚಿತು. ಜಗತ್ತಿನ ಮುಕ್ಕಾಲು ಪಾಲು ಅರಿಶಿನದ ಕ್ಯಾಪ್ಸೂಲ್ ಮಾರುವವರು ಎತ್ತಿ ಹಿಡಿಯುವ ಅಂಕಿ ಇದು, ಹುಟ್ಟಿದ್ದು ಬೆಂಗಳೂರಿನಲ್ಲಿ.

ಈಗ ಲೆಕ್ಕ ಹಾಕಿ. 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ ಅರಿಶಿನದ ಪುಡಿ 65 ಗ್ರಾಂ ಬೇಕು. ನಮ್ಮ ಮನೆಯ ಒಂದು ಹೊತ್ತಿನ ಸಾಂಬಾರಿಗೆ ಬೀಳುವುದು ಅರ್ಧ ಚಮಚ, ಅದೂ ಐದು ಜನಕ್ಕೆ. ಅಂದರೆ ಪ್ರಯೋಗದ ಅರಿಶಿನ ಬೇರೆ, ಸಾಂಬಾರಿನ ಅರಿಶಿನ ಬೇರೆ. ‘ಸಾವಿರಾರು ವರ್ಷದಿಂದ ತಿಂತಾ ಇದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಸಾಂಬಾರಿಗೆ ಸರಿ; ಸಾಂದ್ರ ಕ್ಯಾಪ್ಸೂಲನ್ನು ಅಷ್ಟು ವರ್ಷ ಯಾರೂ ತಿಂದಿಲ್ಲ. ಇಟಲಿ ಮತ್ತು ಅಮೆರಿಕದಲ್ಲಿ ಅಂಥ ಕ್ಯಾಪ್ಸೂಲ್ ತೆಗೆದುಕೊಂಡ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳು ಬಂದಿವೆ. ಇನ್ನೊಂದು ವಿಷಯ: ಪೈಪರಿನ್ ಬಾಗಿಲು ತೆರೆಯುವುದು ಅರಿಶಿನಕ್ಕೆ ಮಾತ್ರ ಅಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಕೆಲವು ಮಾತ್ರೆಗಳ ಪ್ರಮಾಣವನ್ನೂ ಅದು ರಕ್ತದಲ್ಲಿ ಏರಿಸುತ್ತದೆ. ಬೇರೆ ಮಾತ್ರೆ ತಿನ್ನುವವರು ‘ಗಿಡದ್ದೇ ತಾನೆ’ ಎಂದು ಇದನ್ನು ಸೇರಿಸಿಕೊಂಡರೆ ಡಾಕ್ಟರ್ ಬರೆದ ಡೋಸ್‌ನ ಲೆಕ್ಕವೇ ತಪ್ಪುತ್ತದೆ.

ಇಷ್ಟೆಲ್ಲ ನಾನು ಓದಲು ಕುಳಿತದ್ದಕ್ಕೆ ಕಾರಣ ಲ್ಯಾಬ್ ಅಲ್ಲ, ಅಮ್ಮ.

ಅಮ್ಮನಿಗೆ ನಾಲ್ಕು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಮೆಟ್‌ಫಾರ್ಮಿನ್. ಜೊತೆಗೆ ಸಂಜೆ ರಸ್ತೆಯ ತುದಿಯವರೆಗೆ ನಡಿಗೆ. ಎಲ್ಲ ಹದವಾಗಿತ್ತು. ಕಳೆದ ದಸರಾ ರಜೆಗೆ ಊರಿಗೆ ಹೋದಾಗ ಮಾತ್ರೆಯ ಹಾಳೆ ತುಂಬಿದಂತೆಯೇ ಇತ್ತು. ಪಕ್ಕದಲ್ಲಿ ಮೂರು ಹೊಸ ಡಬ್ಬಿ: ಒಂದು ಹಸಿರು ಪುಡಿ, ಒಂದು ಕ್ಯಾಪ್ಸೂಲ್, ಒಂದು ಡ್ರಾಪ್ಸ್. ಒಟ್ಟು ಬೆಲೆ 3,600 ರೂಪಾಯಿ, ಒಂದೂವರೆ ತಿಂಗಳಿಗೆ. ಕೊಟ್ಟವನು ದೂರದ ದೊಡ್ಡಪ್ಪನ ಮಗ. ಬಿ.ಇ ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಹುಡುಕಿ, ಸಿಗದೆ ವಾಪಸ್ ಬಂದಿದ್ದ. ‘ಚಿಕ್ಕಮ್ಮ, ಇದರಲ್ಲಿ ಕೆಮಿಕಲ್ಲೇ ಇಲ್ಲ. ಎಲ್ಲಾ ಗಿಡದ್ದು. ಆ ಇಂಗ್ಲಿಷ್ ಮಾತ್ರೆ ತಿಂದು ತಿಂದು ಕಿಡ್ನಿ ಹೋಗ್ತದೆ, ನಿಲ್ಲಿಸಿಬಿಡಿ’ ಎಂದು ಹೇಳಿದ್ದನಂತೆ. ನಾನು ಕೇಳಿದ್ದಕ್ಕೆ ಅಮ್ಮ, ‘ಅವ ಬಿ.ಇ ಓದಿದವ ಅಲ್ದನಾ? ನಮ್ಮ ಹುಡುಗನೇ ಬೇರೆ. ಸುಳ್ಳು ಹೇಳ್ತಾನಾ?’ ಎಂದಳು. ಬಿ.ಇ ಓದುತ್ತಿರುವ ನನಗೆ ಏನು ಹೇಳಬೇಕೋ ತೋಚಲಿಲ್ಲ.

ಮರುದಿನ ಲ್ಯಾಬ್‌ನಲ್ಲಿ ರಕ್ತ ಕೊಟ್ಟೆವು. ಖಾಲಿ ಹೊಟ್ಟೆಯ ಶುಗರ್ ಮೊದಲು 120ರ ಆಸುಪಾಸು ಇರುತ್ತಿದ್ದದ್ದು 214 ಆಗಿತ್ತು. ಬಾಯಾರಿಕೆ, ರಾತ್ರಿ ನಾಲ್ಕು ನಾಲ್ಕು ಸಲ ಏಳುವುದು ಎಲ್ಲ ಶುರುವಾಗಿತ್ತು. ‘ಅದು ದೇಹದ ವಿಷ ಹೊರಗೆ ಹೋಗ್ತಿರೋದು’ ಎಂದು ಅಣ್ಣ ಫೋನಿನಲ್ಲಿ ಸಮಾಧಾನ ಹೇಳಿದ್ದನಂತೆ. ಪಾಪ, ಅವನಿಗೆ ಹಾಗೆ ಹೇಳಿಕೊಟ್ಟಿದ್ದರು.

ಆ ರಜೆಯಲ್ಲಿ ಮೆಟ್‌ಫಾರ್ಮಿನ್ ಎಲ್ಲಿಂದ ಬಂತು ಎಂದು ಓದುತ್ತಾ ಹೋದೆ. ಅದರ ಮೂಲ ಒಂದು ಗಿಡ! ಯುರೋಪಿನ ಗಲೇಗಾ ಅಫಿಸಿನಾಲಿಸ್, ನಮ್ಮ ಅವರೆ, ತೊಗರಿಯ ಕುಟುಂಬದ್ದೇ, ತಿಳಿ ನೇರಳೆ ಹೂವಿನದ್ದು. ಅಲ್ಲಿನ ಹಳೆಯ ಗಿಡಮೂಲಿಕೆ ವೈದ್ಯದಲ್ಲಿ ಅದಕ್ಕೆ ಜಾಗ ಇತ್ತು. ಅದರಲ್ಲಿರುವ ಗಲೇಜಿನ್ ಎಂಬ ವಸ್ತು ರಕ್ತದ ಸಕ್ಕರೆ ಇಳಿಸುತ್ತದೆ ಎಂದು ಗೊತ್ತಾದಾಗ 1920ರ ದಶಕದಲ್ಲಿ ರೋಗಿಗಳಿಗೆ ಕೊಟ್ಟೂ ನೋಡಿದರು. ಆದರೆ ಅದು ವಿಷಕಾರಿ; ಆ ಗಿಡ ಮೇಯ್ದ ಕುರಿಗಳೇ ಸಾಯುತ್ತವೆ. ಹಾಗಾಗಿ ಅದನ್ನು ಬಿಟ್ಟರು. ಅದೇ ಜಾತಿಯ, ಆದರೆ ಪ್ರಯೋಗಶಾಲೆಯಲ್ಲಿ ಕಟ್ಟಿದ ಮೆಟ್‌ಫಾರ್ಮಿನ್ 1922ರಲ್ಲೇ ತಯಾರಾಗಿದ್ದರೂ, ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಮಧುಮೇಹಕ್ಕೆ ಬಳಸಿ ವರದಿ ಬರೆದದ್ದು 1957ರಲ್ಲಿ. ಅಂದರೆ ಅಮ್ಮ ಬಿಟ್ಟಿದ್ದ ‘ಕೆಮಿಕಲ್’ ಮಾತ್ರೆ, ಗಿಡದ ವಿಷವನ್ನು ಕಳೆದು, ಗುಣವನ್ನು ಉಳಿಸಿಕೊಂಡದ್ದು. ಜನೌಷಧಿ ಕೇಂದ್ರದಲ್ಲಿ ಹತ್ತು ಮಾತ್ರೆಗೆ ಕೆಲವೇ ರೂಪಾಯಿ.

ನಮ್ಮ ಸರ್ಪಗಂಧದ್ದೂ ಇಂಥದ್ದೇ ದಾರಿ. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದರ ಬಗ್ಗೆ ಬರೆದ ಮೇಲೆ ಜಗತ್ತೇ ರಕ್ತದೊತ್ತಡಕ್ಕೆ ಅದರತ್ತ ನೋಡಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಬಿ.ಪಿ ಇಳಿಯಿತು, ಕೆಲವು ರೋಗಿಗಳಲ್ಲಿ ಖಿನ್ನತೆಯೂ ಕಾಣಿಸಿಕೊಂಡಿತು. ಅಳತೆ ಮಾಡಿ ಕೊಟ್ಟದ್ದರಿಂದಲೇ ಎರಡೂ ಲೆಕ್ಕಕ್ಕೆ ಸಿಕ್ಕವು.

ಅಮ್ಮನನ್ನು ನೋಡಿದ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಬೈಯಲಿಲ್ಲ. ‘ಮೆಂತ್ಯ ತಿನ್ನಿ, ಹಾಗಲಕಾಯಿ ಪಲ್ಯ ತಿನ್ನಿ, ಬೇಡ ಅಂದವರು ಯಾರು? ಆದರೆ ಮಾತ್ರೆ ಬಿಟ್ಟು ಅಲ್ಲ, ಮಾತ್ರೆ ಜೊತೆ. ಏನೇ ಹೊಸದು ಶುರು ಮಾಡಿದರೂ ನನಗೆ ಒಂದು ಮಾತು ಹೇಳಿ’ ಎಂದರು. ಅಮ್ಮನಿಗೆ ಆ ಮಾತು ಇಷ್ಟವಾಯಿತು. ಮೆಂತ್ಯದ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹಿಂದೆಯೇ ಅಧ್ಯಯನ ಮಾಡಿದ್ದಾರೆ. ಅದರಲ್ಲಿರುವ ಲೋಳೆಯಂಥ ನಾರು ಹೊಟ್ಟೆಯಲ್ಲಿ ಊಟದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಆದರೆ ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ 25 ಗ್ರಾಂ, ಅದಕ್ಕಿಂತಲೂ ಹೆಚ್ಚು. ಸುಮಾರು ಆರು ಚಮಚ. ರಾತ್ರಿ ನೆನೆಹಾಕಿದ ಹತ್ತು ಕಾಳಿನಿಂದ ಅಷ್ಟು ನಿರೀಕ್ಷೆ ಮಾಡುವುದು ಕಾಳಿಗೂ ಅನ್ಯಾಯ. ಹಾಗಲಕಾಯಿಯ ಫಲಿತಾಂಶಗಳು ಒಂದೊಂದು ಪ್ರಯೋಗದಲ್ಲಿ ಒಂದೊಂದು ಥರ. ಪಲ್ಯವಾಗಿ ಮಾತ್ರ ಅದಕ್ಕೆ ಸಾಟಿ ಇಲ್ಲ, ಸ್ವಲ್ಪ ಬೆಲ್ಲ ಬಿದ್ದರೆ ಇನ್ನೂ (ಅಮ್ಮನಿಗೆ ಆ ಬೆಲ್ಲ ಬಂದ್).

ತರಕಾರಿಯಲ್ಲೂ ಅಳತೆಯ ಮಾತು ಬರುತ್ತದೆ ಎಂದರೆ ನಂಬುವುದಿಲ್ಲ ಜನ. ನಮ್ಮ ಅಜ್ಜಿ ಸೌತೆಕಾಯಿ, ಸೋರೆಕಾಯಿ ಹೆಚ್ಚುವಾಗ ತುದಿಯ ಒಂದು ಚೂರು ಬಾಯಿಗೆ ಹಾಕಿ ನೋಡುತ್ತಿದ್ದರು. ಕಹಿ ಇದ್ದರೆ ಗೊಬ್ಬರದ ಗುಂಡಿಗೆ. ಈ ಜಾತಿಯ ತರಕಾರಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚಾಗಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ಜ್ಯೂಸ್ ಕುಡಿಯುವ ಫ್ಯಾಷನ್ ಬಂದ ಮೇಲೆ, ಕಹಿಯಾಗಿದ್ದರೂ ‘ಔಷಧ’ ಎಂದು ಮೂಗು ಮುಚ್ಚಿ ಕುಡಿದವರಿಗೆ ರಕ್ತವಾಂತಿಯಾಗಿ, ಬಿ.ಪಿ ಕುಸಿದು, ಜೀವ ಹೋದದ್ದೂ ಇದೆ. ಐಸಿಎಂಆರ್ ಇದಕ್ಕೆಂದೇ ತಜ್ಞರ ಸಮಿತಿ ಮಾಡಿತು. ಅವರ ಸಲಹೆಯೂ ಅಜ್ಜಿಯದ್ದೇ: ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ. ಪಲ್ಯವಾದರೆ ನಾಲಿಗೆಯೇ ಕಾವಲು ಕಾಯುತ್ತದೆ. ಜ್ಯೂಸ್‌ ಮಾಡಿದರೆ ಒಂದು ಇಡೀ ಕಾಯಿ ಒಂದು ಲೋಟಕ್ಕೆ ಇಳಿಯುತ್ತದೆ, ಕಾವಲುಗಾರನಿಗೆ ನಿಂಬೆ, ಉಪ್ಪು ಲಂಚ ಬೇರೆ.

ಕೋವಿಡ್ ಸಮಯದಲ್ಲಿ ಮನೆಮನೆಯಲ್ಲೂ ಕುದಿದ ಅಮೃತಬಳ್ಳಿಯ ಕಥೆಯಲ್ಲೂ ಒಂದು ಪಾಠವಿದೆ. 2021ರಲ್ಲಿ ಮುಂಬೈಯ ಯಕೃತ್ ತಜ್ಞರು, ಅದನ್ನು ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡಿದೆ ಎಂದು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ರೀತಿ ಕಾಣುವ ಬೇರೆ ಬಳ್ಳಿ ಸೇರಿರಬಹುದು ಎಂದಿತು. ಯಾರ ಮಾತನ್ನು ಹಿಡಿದರೂ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಬದಲಾಗುವುದಿಲ್ಲ: ಡಬ್ಬಿಯೊಳಗೆ ಇರುವುದು ಯಾವ ಗಿಡ, ಗೊತ್ತುಮಾಡಿದವರು ಯಾರು?

ಇಷ್ಟು ಓದಿ ‘ಇವಳು ಸಪ್ಲಿಮೆಂಟ್ ವಿರೋಧಿ’ ಎಂದುಕೊಂಡರೆ ಅಮ್ಮನ ಮುಂದಿನ ಕಥೆ ಕೇಳಿ. ಅವಳ ಪಾದ ಜುಮುಗುಡುತ್ತಿತ್ತು. ಶುಗರ್‌ನಿಂದ ಇರಬೇಕು ಎಂದುಕೊಂಡಿದ್ದೆವು. ಡಾಕ್ಟರ್ ಬಿ12 ಪರೀಕ್ಷೆ ಮಾಡಿಸಿದರು, ತುಂಬಾ ಕಡಿಮೆ ಇತ್ತು. ವಿಟಮಿನ್ ಬಿ12 ಗಿಡಗಳಲ್ಲಿ ಇಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ, ನಮಗೆ ಸಿಗುವುದು ಹಾಲು, ಮೊಟ್ಟೆ, ಮಾಂಸ, ಮೀನಿನಿಂದ. ಅಮ್ಮ ಸಸ್ಯಾಹಾರಿ. ಸಾಲದ್ದಕ್ಕೆ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದರೆ ಬಿ12 ಹೀರಿಕೆ ಕಡಿಮೆಯಾಗುತ್ತದೆ. ನಾನು ಅಷ್ಟು ಹೊಗಳಿದ ಮಾತ್ರೆಗೂ ಇಂಥದ್ದೊಂದು ಕೊರತೆ ಇದೆ, ಮುಚ್ಚಿಡುವುದೇಕೆ? ಮೊದಲು ಕೆಲವು ಇಂಜೆಕ್ಷನ್, ಆಮೇಲೆ ಮಾತ್ರೆ. ಎರಡು ತಿಂಗಳಲ್ಲಿ ಜುಮುಗುಡುವುದು ಬಹುಪಾಲು ನಿಂತಿತು. ಅವಳಿಗೆ ನಿಜವಾಗಿ ಬೇಕಿದ್ದ ಸಪ್ಲಿಮೆಂಟ್ ಆ 3,600 ರೂಪಾಯಿಯ ಮೂರೂ ಡಬ್ಬಿಗಳಲ್ಲಿ ಇರಲಿಲ್ಲ. ಹಾಸ್ಟೆಲ್‌ನಲ್ಲಿ ಹಾಲನ್ನೂ ಮುಟ್ಟದ ಸಸ್ಯಾಹಾರಿ ಗೆಳತಿಯರಿಗೆ ಈಗ ಕೇಳದಿದ್ದರೂ ಹೇಳುತ್ತೇನೆ, ಒಮ್ಮೆ ಬಿ12 ನೋಡಿಸಿಕೊಳ್ಳಿ ಅಂತ.

ಹುಡುಗಿಯರಿಗೆ ಇನ್ನೊಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 48 ಮಂದಿಗೆ ರಕ್ತಹೀನತೆ. ಕೂದಲು ಉದುರುವುದು, ಸುಸ್ತು, ಓದು ತಲೆಗೆ ಹತ್ತದಿರುವುದು ಇವಕ್ಕೆಲ್ಲ ಗಮ್ಮಿ ಹುಡುಕುವ ಮೊದಲು ಒಂದು ಹಿಮೋಗ್ಲೋಬಿನ್ ಪರೀಕ್ಷೆ ಸಾಕು. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಂಡರೆ ಅದರ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಹತ್ತುವುದಿಲ್ಲ. ನಮ್ಮ ಕಾಲೇಜಿನ ಗೇಟಿನ ಹತ್ತಿರ ಉಪ್ಪು ಖಾರ ಹಚ್ಚಿ ಮಾರುವ ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ಅದರ ಮೇಲೆ ಹಸಿರು ಎಲೆಯ ಸ್ಟಿಕ್ಕರ್ ಇಲ್ಲ, ನಿಜವಾದ ಎಲೆ ಇರುತ್ತದೆ. ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ತೀರಾ ಕಡಿಮೆ ಬಂದರೆ ಮಾತ್ರ ಸೀಬೆಹಣ್ಣು ನೆಚ್ಚಿಕೊಂಡು ಕೂರಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಕೊಡುತ್ತಾರೆ.

ಕೊನೆಗೆ ಅಣ್ಣನ ವಿಷಯ. ನನಗೆ ಅವನ ಮೇಲೆ ಮೊದಲು ಬಂದ ಸಿಟ್ಟು ಅವನ ಜೊತೆ ಕುಳಿತು ಮಾತಾಡಿದ ಮೇಲೆ ಉಳಿಯಲಿಲ್ಲ. ‘ಸೇಲ್ಸ್ ಎಂಜಿನಿಯರ್ ಇಂಟರ್‌ವ್ಯೂ’ ಎಂದು ಕರೆದು, ಒಂದು ಹೋಟೆಲಿನ ಹಾಲ್‌ನಲ್ಲಿ ನೂರು ಜನರ ಜೊತೆ ಕೂರಿಸಿ, ಚಪ್ಪಾಳೆ ತಟ್ಟಿಸಿ, 18,000 ರೂಪಾಯಿಯ ಮಾಲು ಕೊಳ್ಳುವಂತೆ ಮಾಡಿದ್ದರು. ಆ ದುಡ್ಡು ಅವನ ಅಪ್ಪ ಸೊಸೈಟಿಯಿಂದ ತೆಗೆದುಕೊಟ್ಟದ್ದು. ಮಾರಲು ಗೊತ್ತಿದ್ದ ಗಿರಾಕಿಗಳು ಅವನಿಗೆ ಯಾರು? ಚಿಕ್ಕಮ್ಮ, ಅತ್ತೆ, ಮೇಷ್ಟ್ರು. ಮಧುಮೇಹ ಗುಣವಾಗುತ್ತದೆ ಎಂದು ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಮಾರುತ್ತಿದ್ದ ಡಬ್ಬಿಯ ಹಿಂಭಾಗವನ್ನು ಇಬ್ಬರೂ ಸೇರಿ ಓದಿದೆವು. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್, ಅಂದರೆ ಅದು ಕಾನೂನಿನ ಕಣ್ಣಲ್ಲಿ ಆಹಾರ. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು. ಹೆಲ್ತ್ ಸಪ್ಲಿಮೆಂಟ್‌ಗಳ ಮೇಲೆ ಅದನ್ನು ಮುದ್ರಿಸುವುದು ಕಡ್ಡಾಯ. ಬಾಯಲ್ಲಿ ಔಷಧ, ಡಬ್ಬಿಯಲ್ಲಿ ಆಹಾರ. ಅಣ್ಣ ಆ ಸಾಲನ್ನು ಎರಡು ಸಲ ಓದಿ ಡಬ್ಬಿ ಕೆಳಗಿಟ್ಟ.

ಮೊನ್ನೆ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೂ ಒಂದು ಸಂದೇಶ ಬಂತು: ‘ವೆಲ್‌ನೆಸ್ ಅಡ್ವೈಸರ್ ಬೇಕಾಗಿದ್ದಾರೆ, ಯಾವುದೇ ಬ್ರಾಂಚ್, ವರ್ಕ್ ಫ್ರಮ್ ಹೋಮ್, ತಿಂಗಳಿಗೆ ನಲವತ್ತು ಸಾವಿರದವರೆಗೆ’. ಸೇರಲು ‘ಸ್ಟಾರ್ಟರ್ ಕಿಟ್’ ಕೊಳ್ಳಬೇಕು. ಕೆಲಸ ಹುಡುಕುತ್ತಿರುವವರು ಗಮನಿಸಿ: 2021ರ ನೇರ ಮಾರಾಟ ನಿಯಮಗಳ ಪ್ರಕಾರ ಸೇರಿಸಿಕೊಳ್ಳಲು ಶುಲ್ಕ ಕೇಳುವಂತಿಲ್ಲ, ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಪದ್ಧತಿ ನಡೆಸುವಂತಿಲ್ಲ. ಒಪ್ಪಂದವಾದ ಮೇಲೂ ದಂಡವಿಲ್ಲದೆ ಹಿಂದೆ ಸರಿಯಲು ಕೂಲಿಂಗ್ ಆಫ್ ಎಂಬ ಅವಧಿ ಕೊಡಬೇಕು. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇಷ್ಟನ್ನೂ ನಾನು ಗ್ರೂಪಿನಲ್ಲಿ ಹಾಕಿ, ‘ಕಿಟ್‌ನಲ್ಲಿ ಯಾವ ಗಿಡ, ಎಷ್ಟು ಮಿಲಿಗ್ರಾಂ, ಶುಗರ್ ಮಾತ್ರೆ ತಿನ್ನುವವರು ತಿನ್ನಬಹುದಾ?’ ಎಂದು ಕೇಳಿದೆ. ಸಂದೇಶ ಹಾಕಿದ ಸೀನಿಯರ್ ಒಂದು ಹಸಿರು ಎಲೆಯ ಇಮೋಜಿ ಕಳಿಸಿ ಸುಮ್ಮನಾದರು.

ಅಣ್ಣನಿಗೆ ಕೂಲಿಂಗ್ ಆಫ್ ಅವಧಿ ಯಾವಾಗಲೋ ಮುಗಿದಿತ್ತು. ಅವನೀಗ ಶಿವಮೊಗ್ಗದಲ್ಲಿ ಪಂಪ್‌ಸೆಟ್ ಸರ್ವಿಸ್ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ, ಸಂಬಳ ಹದಿನಾಲ್ಕು ಸಾವಿರ. ಮಾರಾಟವಾಗದ ಹನ್ನೊಂದು ಡಬ್ಬಿಗಳು ಅವರ ಮನೆಯ ಅಟ್ಟದ ಮೇಲಿವೆ. ಗೊಬ್ಬರದ ಗುಂಡಿಗೆ ಹಾಕಬಹುದಾ ಎಂದು ದೊಡ್ಡಪ್ಪ ನನ್ನನ್ನು ಕೇಳಿದ್ದಾರೆ. ಒಳಗೆ ಏನಿದೆ ಎಂದು ಪೂರ್ತಿ ಬರೆದಿಲ್ಲವಾದ್ದರಿಂದ, ತೋಟಕ್ಕೆ ಬೇಡ ಎಂದಿದ್ದೇನೆ.